2 ಗಂಟೆ 20 ನಿಮಿಷದ ಸಿಟಿ ಸ್ಕ್ಯಾನ್ ಅನ್ನು 8 ನಿಮಿಷಕ್ಕೆ ಇಳಿಸಿದ್ದು ಹೇಗೆ

ಗುರುವಾರ ಸಂಜೆ ಐದೂವರೆಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ 40 ಅಲ್ಯೂಮಿನಿಯಂ ಪಂಪ್ ಕವರ್. ಹೀಗೆ ಅಳತೆಗೆ ಬರುವ ವಸ್ತುವಿಗೆ ನಾವು ಜಾಬ್ ಅನ್ನುತ್ತೇವೆ. ಶನಿವಾರ ಸಂಜೆಯೊಳಗೆ ರಿಪೋರ್ಟ್ ಬೇಕು ಅಂದರು. ಆಗ ನಮ್ಮ ಎಕ್ಸ್‌ರೇ ಸಿಟಿ ಮೆಷಿನ್‌ನಲ್ಲಿ ಆ ಜಾಬ್‌ಗೆ ಒಂದು ಸ್ಕ್ಯಾನ್ ಅಂದರೆ 2 ಗಂಟೆ 20 ನಿಮಿಷ. 40ರಿಂದ ಗುಣಿಸಿದರೆ 93 ಗಂಟೆ ದಾಟುತ್ತದೆ. "ಅಕ್ಕಾ, ಹಗಲು ರಾತ್ರಿ ಓಡಿಸಿದರೂ ನಾಲ್ಕು ದಿನ" ಅಂದ ನನ್ನ ಜೊತೆ ಕೆಲಸ ಮಾಡುವ ಹುಡುಗ.

ನಾನು ಪೀಣ್ಯದ ಒಂದು ಅಳತೆ ಲ್ಯಾಬ್‌ನಲ್ಲಿದ್ದೇನೆ. ಮೊದಲ 11 ವರ್ಷ ಸಿಎಂಎಂ ಮೇಲೆ ಕೆಲಸ, ಅಂದರೆ ಪ್ರೋಬ್ ಎಂಬ ಕಡ್ಡಿಯಿಂದ ಮುಟ್ಟಿ ಮುಟ್ಟಿ ಅಳೆಯುವ ಮೆಷಿನ್. ಆಮೇಲೆ ಸಿಟಿ. ಅವತ್ತು ರಾತ್ರಿಯಿಂದ ಮರುದಿನ ಸಂಜೆಯವರೆಗೆ ತಲೆ ಕೆಡಿಸಿಕೊಂಡು ಸ್ಕ್ಯಾನ್ ಅನ್ನು 8 ನಿಮಿಷಕ್ಕೆ ಇಳಿಸಿದೆವು. ಹೊಸ ಮೆಷಿನ್ ಬರಲಿಲ್ಲ, ಹೊಸ ಸಾಫ್ಟ್‌ವೇರ್ ಕೊಳ್ಳಲಿಲ್ಲ. ಏನೇನು ಮಾಡಿದೆವು, ಎಲ್ಲಿ ಎಡವಿದೆವು ಅಂತ ಬರೆಯುತ್ತಿದ್ದೇನೆ.

ಸಿಟಿ ನೋಡದವರಿಗೆ ಎರಡು ಮಾತು. ಒಂದು ಕಡೆ ಎಕ್ಸ್‌ರೇ ಟ್ಯೂಬ್, ಇನ್ನೊಂದು ಕಡೆ ಡಿಟೆಕ್ಟರ್, ನಡುವೆ ತಿರುಗುವ ಮೇಜಿನ ಮೇಲೆ ಜಾಬ್. ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ಸಾವಿರಾರು ನೆರಳಿನ ಚಿತ್ರ ತೆಗೆಯುತ್ತೇವೆ. ಒಂದೊಂದು ಚಿತ್ರವೂ ಒಂದು ಪ್ರೊಜೆಕ್ಷನ್. ಕಂಪ್ಯೂಟರ್ ಅವನ್ನೆಲ್ಲ ಸೇರಿಸಿ ಜಾಬನ್ನು ಪುಟ್ಟ ಪುಟ್ಟ ಘನಗಳಾಗಿ, ಅಂದರೆ ವಾಕ್ಸೆಲ್‌ಗಳಾಗಿ, ಕಟ್ಟಿಕೊಡುತ್ತದೆ. ಲೋಹ ಇದ್ದಲ್ಲಿ ಬೆಳ್ಳಗೆ, ಗಾಳಿ ಇದ್ದಲ್ಲಿ ಕಪ್ಪಗೆ. ಎರಡೂ ಸೇರುವ ಗಡಿಯೇ ನಾವು ಅಳೆಯುವ ಮೇಲ್ಮೈ. ಈ ಕಟ್ಟುವ ಲೆಕ್ಕ ಬಹಳಷ್ಟು ಮೆಷಿನ್‌ಗಳಲ್ಲಿ ಇವತ್ತಿಗೂ 1984ರದ್ದೇ. ಫೆಲ್ಡ್‌ಕಾಂಪ್, ಡೇವಿಸ್, ಕ್ರೆಸ್ ಎಂಬ ಮೂವರು ಫೋರ್ಡ್ ಕಾರ್ ಕಂಪನಿಯಲ್ಲಿದ್ದುಕೊಂಡು ಬರೆದದ್ದು. ಸಿಟಿ ಅಂದರೆ ಆಸ್ಪತ್ರೆ ಅಂದುಕೊಳ್ಳುತ್ತಾರಲ್ಲ, ಈ ಲೆಕ್ಕ ಮಾತ್ರ ಕಾರ್ಖಾನೆಯವರ ಕೂಸು.

ಬದು ನೋಡಿ, ಸಾಲು ಎಣಿಸಬೇಡಿ

ನಮ್ಮಪ್ಪನ ಹೊಲ ಶಿರಾ ಹತ್ತಿರ. ಚಿಕ್ಕವಳಿದ್ದಾಗ ಸರ್ವೆಯವರು ಬಂದು ಅಳೆದದ್ದು ನೆನಪಿದೆ. ಸರಪಳಿ ಹಿಡಿದು ಬದುವಿನ ಮೇಲೇ ನಡೆದರು. ಒಳಗೆ ಕಡ್ಲೆಕಾಯಿ ಎಷ್ಟು ಸಾಲು ಇದೆ ಅಂತ ಯಾರೂ ಎಣಿಸಲಿಲ್ಲ.

ನಾವು ಸಿಟಿಯಲ್ಲಿ ಸಾಲು ಎಣಿಸುತ್ತಿದ್ದೆವು. ಗೋಡೆಯ ಒಳಗಿನ ಲೋಹವೂ ಹಾಲಿನ ಹಾಗೆ ನುಣ್ಣಗೆ ಕಾಣಬೇಕು ಅಂತ ಸೆಟ್ಟಿಂಗ್ ಇಟ್ಟಿದ್ದೆವು. ಎರಕದೊಳಗೆ ಗಾಳಿಗುಳ್ಳೆ ಹುಡುಕುವವರಿಗೆ ಅದು ಬೇಕು. ನಮಗೆ ಬೇಕಿದ್ದದ್ದು ಗಡಿ ಮಾತ್ರ. ಗಡಿ ಚೂಪಾಗಿದ್ದರೆ ಅದರ ಜಾಗವನ್ನು ವಾಕ್ಸೆಲ್‌ನ ಹತ್ತನೇ ಒಂದು ಭಾಗದಷ್ಟು ನಿಖರವಾಗಿ ಹೇಳಬಹುದು. ಒಳಗೆ ಸ್ವಲ್ಪ ಕಾಳು ಕಾಳು ಕಂಡರೆ ಕಾಣಲಿ ಬಿಡಿ.

ಹಾಗಾಗಿ ಮೆಷಿನ್ ಮುಟ್ಟುವ ಮೊದಲು ಡ್ರಾಯಿಂಗ್ ಹರಡಿಕೊಂಡು ಕೂರಿ. ಕೈಯಲ್ಲಿ ಎರಡು ಬಣ್ಣದ ಪೆನ್ ಇರಲಿ. ರಂಧ್ರದಿಂದ ರಂಧ್ರಕ್ಕೆ ಇರುವ ದೂರಗಳಿಗೆ ಹಸಿರು ಗುರುತು ಹಾಕಿ. ವ್ಯಾಸ, ಗೋಡೆಯ ದಪ್ಪ, ಹೊರ ಅಗಲ ಇವಕ್ಕೆ ಕೆಂಪು. ಯಾಕೆ ಅಂದರೆ, ಬೆಳ್ಳಗೆ ಮತ್ತು ಕಪ್ಪಗೆ ನಡುವಿನ ಗಡಿಯನ್ನು ಸಾಫ್ಟ್‌ವೇರ್ ಸ್ವಲ್ಪ ಆಚೆ ಹಾಕಿತು ಅಂದುಕೊಳ್ಳಿ. ಗೋಡೆ ದಪ್ಪವಾಗುತ್ತದೆ, ರಂಧ್ರ ಚಿಕ್ಕದಾಗುತ್ತದೆ. ಆದರೆ ರಂಧ್ರ ಸುತ್ತಲೂ ಒಂದೇ ಸಮ ಚಿಕ್ಕದಾಗುವುದರಿಂದ ಅದರ ನಡುಬಿಂದು ಅಲ್ಲೇ ಇರುತ್ತದೆ. ಹಸಿರು ಅಳತೆಗಳಲ್ಲಿ ಧೈರ್ಯವಾಗಿ ವೇಗ ಹೆಚ್ಚಿಸಬಹುದು. ಕೆಂಪಿನವುಗಳಲ್ಲಿ ಹುಷಾರು.

ನಮ್ಮ ಪಂಪ್ ಕವರ್‌ನಲ್ಲಿ ಐದು ರಂಧ್ರ, ಎರಡು ಸಪಾಟು ಮುಖ, ಒಳಗೊಂದು ಬಾಗಿದ ಎಣ್ಣೆ ದಾರಿ ಇತ್ತು. ಸಿಎಂಎಂ ಪ್ರೋಬ್ ಹೋಗದ ಆ ಎಣ್ಣೆ ದಾರಿಗಾಗಿಯೇ ಅವರು ಸಿಟಿಗೆ ಕಳಿಸಿದ್ದು. ಅತಿ ಬಿಗಿಯಾದ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚು ಕಡಿಮೆ ಆಗಬಹುದು ಅನ್ನುವ ಮಿತಿ) ±50 ಮೈಕ್ರಾನ್, ಅಂದರೆ ಒಟ್ಟು 100. ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ. ಅದರ ಹತ್ತನೇ ಒಂದು ಭಾಗ 10 ಮೈಕ್ರಾನ್. ಅಷ್ಟು ನಿಖರತೆ ಸಿಕ್ಕರೆ ಸಾಕು. ಇದಕ್ಕೆ ನಾವು 40 ಮೈಕ್ರಾನ್ ವಾಕ್ಸೆಲ್ ಇಟ್ಟುಕೊಂಡು ಕೂತಿದ್ದೆವು. 80 ಮೈಕ್ರಾನ್ ವಾಕ್ಸೆಲ್‌ನ ಹತ್ತನೇ ಒಂದು ಭಾಗವೇ 8 ಆಗುತ್ತದೆ ಅಲ್ವಾ?

ಸಮಯ ಎಲ್ಲಿ ಸೋರುತ್ತಿತ್ತು

ಹಳೆಯ ಸೆಟ್ಟಿಂಗ್ ಹೀಗಿತ್ತು. 2400 ಪ್ರೊಜೆಕ್ಷನ್. ಒಂದೊಂದಕ್ಕೆ 1 ಸೆಕೆಂಡಿನ ಎರಡು ಫ್ರೇಮ್ ತೆಗೆದು ಸರಾಸರಿ ಮಾಡುವುದು. ಮೇಜು ಪ್ರತಿ ಸಲವೂ ಒಂದು ಹೆಜ್ಜೆ ತಿರುಗಿ ನಿಲ್ಲುತ್ತಿತ್ತು. ಆ ತಿರುಗುವುದಕ್ಕೆ ಅರ್ಧ ಸೆಕೆಂಡ್. ತಿರುಗಿದ ಮೇಲಿನ ಮೊದಲ ಫ್ರೇಮ್ ಕಸಕ್ಕೆ, ಅದೊಂದು ಸೆಕೆಂಡ್. ಎಲ್ಲ ಸೇರಿ ಮೂರೂವರೆ ಸೆಕೆಂಡ್. 2400 ಸಲ ಮೂರೂವರೆ ಅಂದರೆ 8400 ಸೆಕೆಂಡ್. ಅದೇ ಆ 2 ಗಂಟೆ 20 ನಿಮಿಷ. ಇದರಲ್ಲಿ ಒಂದು ಗಂಟೆ ಬರೀ ತಿರುಗುವುದಕ್ಕೆ ಮತ್ತು ಕಸಕ್ಕೆ ಹೋಗುತ್ತಿತ್ತು! ಇಷ್ಟು ವರ್ಷ ಈ ಲೆಕ್ಕ ಯಾಕೆ ಹಾಕಲಿಲ್ಲ ಅಂತ ನನಗೇ ನಾಚಿಕೆಯಾಯಿತು. ನಿಮ್ಮ ಮೆಷಿನ್‌ದನ್ನು ಈಗಲೇ ಒಂದು ಚೀಟಿಯಲ್ಲಿ ಬರೆದು ನೋಡಿ.

ಮೊದಲ ಹೆಜ್ಜೆ, ಮೇಜನ್ನು ನಿಲ್ಲಿಸದೆ ತಿರುಗಿಸಿ. ಬಹಳಷ್ಟು ಮೆಷಿನ್‌ಗಳಲ್ಲಿ ಈ ಸೌಲಭ್ಯ ಇರುತ್ತದೆ. ಚಿತ್ರ ಅದುರಿದಂತೆ ಬರಬಹುದು ಅಂತ ಹೆದರಿ ಯಾರೂ ಬಳಸುವುದಿಲ್ಲ. ಹೆದರಿಕೆ ಪೂರ್ತಿ ಸುಳ್ಳಲ್ಲ. ನಮ್ಮ ಜಾಬ್‌ನ ಹೊರ ಅಂಚು ನಡುವಿನಿಂದ 30 ಮಿಲಿಮೀಟರ್ ದೂರ. 2400 ಪ್ರೊಜೆಕ್ಷನ್ ಇಟ್ಟರೆ ಒಂದು ಪ್ರೊಜೆಕ್ಷನ್‌ನ ಅವಧಿಯಲ್ಲಿ ಆ ಅಂಚು ಸುಮಾರು 79 ಮೈಕ್ರಾನ್ ಸರಿಯುತ್ತದೆ. ಅಂದರೆ 80 ಮೈಕ್ರಾನ್‌ನ ಒಂದು ವಾಕ್ಸೆಲ್. ನಡೆಯುತ್ತದೆ. 1200ಕ್ಕೆ ಇಳಿಸಿದರೆ ಎರಡು ವಾಕ್ಸೆಲ್ ಮಸುಕು, ಅದು ಬೇಡ. ಹಾಗಾಗಿ ನಿಲ್ಲದೆ ತಿರುಗಿಸುವಾಗ ಪ್ರೊಜೆಕ್ಷನ್ ಸಂಖ್ಯೆ ಕಡಿಮೆ ಮಾಡಬೇಡಿ. ಒಂದೊಂದರ ಎಕ್ಸ್‌ಪೋಷರ್, ಅಂದರೆ ಚಿತ್ರ ಹಿಡಿಯುವ ಸಮಯ, ಕಡಿಮೆ ಮಾಡಿ.

ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೆಷಿನ್ ಮಾತ್ರ ಇದ್ದರೆ ದಾರಿ ಬೇರೆ. ಅಲ್ಲಿ ಪ್ರೊಜೆಕ್ಷನ್ ಎಷ್ಟು ಬೇಕು ಅನ್ನುವುದಕ್ಕೆ ಒಂದು ಅಂದಾಜು ಇದೆ: ಜಾಬ್‌ನ ನೆರಳು ಡಿಟೆಕ್ಟರ್‌ನಲ್ಲಿ ಎಷ್ಟು ಪಿಕ್ಸೆಲ್ ಅಗಲ ಇದೆಯೋ ಅದರ ಸುಮಾರು ಒಂದೂವರೆ ಪಟ್ಟು. 750 ಪಿಕ್ಸೆಲ್ ಇದ್ದರೆ 1200ರ ಹತ್ತಿರ. ಮತ್ತೆ ಫ್ರೇಮ್ ಸರಾಸರಿ ಮಾಡುವುದನ್ನು ಮೊದಲು ತೆಗೆದುಹಾಕಿ. ಒಂದೇ ಕೋನದಲ್ಲಿ ನಾಲ್ಕು ಫ್ರೇಮ್ ತೆಗೆಯುವುದಕ್ಕಿಂತ ನಾಲ್ಕು ಬೇರೆ ಕೋನದಲ್ಲಿ ಒಂದೊಂದು ತೆಗೆದರೆ ಬೆಳಕು ಅಷ್ಟೇ, ಮಾಹಿತಿ ಜಾಸ್ತಿ.

ಎರಡನೆಯದು ಬಿನ್ನಿಂಗ್. ಡಿಟೆಕ್ಟರ್‌ನ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡುವುದು. ನಮ್ಮ ಡಿಟೆಕ್ಟರ್ 2000 ಸಲ 2000, ಪಿಕ್ಸೆಲ್ 200 ಮೈಕ್ರಾನ್. ಟ್ಯೂಬ್‌ನಿಂದ ಜಾಬ್‌ಗೆ 200 ಮಿಲಿಮೀಟರ್, ಡಿಟೆಕ್ಟರ್‌ಗೆ 1000. ಹಾಗಾಗಿ ಐದು ಪಟ್ಟು ದೊಡ್ಡದಾಗಿ ಕಾಣುತ್ತದೆ, ವಾಕ್ಸೆಲ್ 40 ಮೈಕ್ರಾನ್. ಬಿನ್ನಿಂಗ್ ಹಾಕಿದರೆ 80. ಪ್ರತಿ ಪಿಕ್ಸೆಲ್‌ಗೆ ನಾಲ್ಕು ಪಟ್ಟು ಬೆಳಕು ಸಿಗುತ್ತದೆ. ವಾಲ್ಯೂಮ್ ಫೈಲ್ (ವಾಕ್ಸೆಲ್‌ಗಳಿಂದ ಕಟ್ಟಿದ ಇಡೀ ಚಿತ್ರ) 16 ಜಿಬಿಯಿಂದ 2 ಜಿಬಿಗೆ ಇಳಿಯುತ್ತದೆ.

ಮೂರನೆಯದು ವ್ಯಾಟ್. ಮೈಕ್ರೋಫೋಕಸ್ ಟ್ಯೂಬ್‌ನಲ್ಲಿ ಶಕ್ತಿ ಏರಿಸಿದಂತೆ ಎಕ್ಸ್‌ರೇ ಹೊರಡುವ ಚುಕ್ಕೆ ದೊಡ್ಡದಾಗುತ್ತದೆ. ನಮ್ಮದರಲ್ಲಿ ಹೆಚ್ಚು ಕಡಿಮೆ ಒಂದು ವ್ಯಾಟ್‌ಗೆ ಒಂದು ಮೈಕ್ರಾನ್. ಚುಕ್ಕೆ ವಾಕ್ಸೆಲ್‌ಗಿಂತ ಚಿಕ್ಕದಿರುವವರೆಗೆ ತೊಂದರೆ ಇಲ್ಲ. ವಾಕ್ಸೆಲ್ 80 ಆದಮೇಲೆ 20 ವ್ಯಾಟ್‌ನಲ್ಲಿ ತೆವಳುವ ಅಗತ್ಯ ಏನು? 60 ವ್ಯಾಟ್‌ಗೆ ಏರಿಸಿದೆವು. ಮೂರು ಪಟ್ಟು ಬೆಳಕು.

ನಾಲ್ಕು ಸಲ ಮೂರು, ಹನ್ನೆರಡು ಪಟ್ಟು. ಹುಡುಗ ಎಕ್ಸ್‌ಪೋಷರ್ ಅನ್ನು ಹನ್ನೆರಡರಿಂದ ಭಾಗಿಸಲು ಹೊರಟಿದ್ದ. ತಡೆದೆ. ಲಾಭ ಪೂರ್ತಿ ಸಮಯಕ್ಕೇ ಹಾಕಬಾರದು. ಸ್ವಲ್ಪ ಫಿಲ್ಟರ್‌ಗೆ ಹಾಕಬೇಕು. ಟ್ಯೂಬ್ ಮುಂದೆ ಅರ್ಧ ಮಿಲಿಮೀಟರ್ ತಾಮ್ರದ ಹಾಳೆ ಇತ್ತು, ಒಂದು ಮಿಲಿಮೀಟರ್ ಮಾಡಿದೆವು. ಎಕ್ಸ್‌ರೇಯಲ್ಲಿ ಎಲ್ಲ ಥರದ ಶಕ್ತಿಯ ಕಿರಣಗಳೂ ಬೆರೆತಿರುತ್ತವೆ. ಮೆತ್ತನೆಯವು ಜಾಬ್‌ನ ಹೊರ ಪದರದಲ್ಲೇ ಸತ್ತುಹೋಗುತ್ತವೆ. ಅದರಿಂದ ಹೊರಗೆ ಹೆಚ್ಚು ಬೆಳ್ಳಗೆ, ಒಳಗೆ ಮಂಕಾಗಿ ಕಾಣುತ್ತದೆ, ಗಡಿ ಒಂದೊಂದು ಕಡೆ ಒಂದೊಂದು ಥರ ಬೀಳುತ್ತದೆ. ಕೆಂಪು ಗುರುತಿನ ಅಳತೆಗಳನ್ನು ಕೆಡಿಸುವುದು ಮುಖ್ಯವಾಗಿ ಇದೇ. ತಾಮ್ರ ಆ ಮೆತ್ತನೆ ಕಿರಣಗಳನ್ನು ಮೊದಲೇ ತಿಂದುಬಿಡುತ್ತದೆ. ಕೊನೆಗೆ ಎಕ್ಸ್‌ಪೋಷರ್ 0.2 ಸೆಕೆಂಡ್‌ಗೆ ನಿಂತಿತು. 2400 ಸಲ 0.2 ಅಂದರೆ 480 ಸೆಕೆಂಡ್. 8 ನಿಮಿಷ.

ಇಲ್ಲಿ ಎರಡು ಸಂಗತಿ ನೋಡಿಕೊಳ್ಳಿ. ಜಾಬ್ ಇಲ್ಲದ ಕಡೆ ಡಿಟೆಕ್ಟರ್ ತುಂಬಿ ಬಿಳಿಚಿಕೊಂಡಿರಬಾರದು. ಜಾಬ್‌ನ ಅತಿ ದಪ್ಪ ಜಾಗದಲ್ಲಿ ಬೆಳಕು, ಖಾಲಿ ಜಾಗದ ಬೆಳಕಿನ ಶೇಕಡಾ 10ರಿಂದ 15ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ವೇಗದ ಮಾತು ಬಿಟ್ಟು ಜಾಬ್ ನಿಲ್ಲಿಸುವ ರೀತಿ ಬದಲಾಯಿಸಿ.

ಓರೆಯಾಗಿ ನಿಲ್ಲಿಸುವುದು

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಸಿಎಂಎಂನಿಂದ ಬಂದವರೆಲ್ಲ ಇಲ್ಲೇ ಜಾರುತ್ತಾರೆ. ಸಿಎಂಎಂ ಮೇಲೆ ಜಾಬನ್ನು ನೇರ, ಸಪಾಟಾಗಿ ಕೂರಿಸುವುದು ಕೈಗೆ ಅಂಟಿದ ಅಭ್ಯಾಸ. ಸಿಟಿಯಲ್ಲಿ ಅದೇ ತಪ್ಪು.

ಒಂದು ಮೇಲ್ಮೈಯನ್ನು ಚೆನ್ನಾಗಿ ತೋರಿಸುವ ಕಿರಣ ಯಾವುದು? ಅದನ್ನು ಸವರಿಕೊಂಡು ಹೋಗುವ ಕಿರಣ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಗೋಡೆಯ ಉಬ್ಬುತಗ್ಗು ಎದ್ದು ಕಾಣುತ್ತದಲ್ಲ, ಹೆಚ್ಚು ಕಡಿಮೆ ಹಾಗೆ. ದುಂಡನೆಯ ರಂಧ್ರ ನೆಟ್ಟಗೆ ನಿಂತಿದ್ದರೆ ಪ್ರತಿ ಪ್ರೊಜೆಕ್ಷನ್‌ನಲ್ಲೂ ಯಾವುದಾದರೂ ಕಿರಣ ಅದರ ಗೋಡೆ ಸವರಿಕೊಂಡೇ ಹೋಗುತ್ತದೆ. ಸಪಾಟು ಮುಖದ ಕಥೆ ಬೇರೆ. ಅದು ಮೇಜಿಗೆ ಸಮಾನಾಂತರವಾಗಿ ಮಲಗಿದ್ದರೆ, ಕಿರಣಗಳು ಶಂಕುವಿನ ಹಾಗೆ ಹರಡಿ ಬರುವುದರಿಂದ, ನಡು ಎತ್ತರ ಬಿಟ್ಟು ಬೇರೆಲ್ಲೂ ಯಾವ ಕಿರಣವೂ ಆ ಮುಖವನ್ನು ಸವರುವುದೇ ಇಲ್ಲ. ಆಗ ಆ ಮುಖ ಮಂಜು ಕವಿದ ಹಾಗೆ ಬರುತ್ತದೆ. ನೀವು ಎಷ್ಟು ಗಂಟೆ ಸ್ಕ್ಯಾನ್ ಮಾಡಿದರೂ ಅದು ಸರಿಯಾಗುವುದಿಲ್ಲ. ನಮ್ಮ ಹಳೆಯ ಆಪರೇಟರ್ ಒಬ್ಬರು ಈ ಮಂಜು ಹೋಗಲಿ ಅಂತಲೇ ಫ್ರೇಮ್ ಸರಾಸರಿಯನ್ನು ನಾಲ್ಕಕ್ಕೆ ಏರಿಸಿದ್ದರು. ಪಾಪ, ಮಂಜು ಇದ್ದಲ್ಲೇ ಇತ್ತು, ಸಮಯ ಮಾತ್ರ ಹೋಯಿತು.

ಲೆಕ್ಕ ಸುಲಭ. ಜಾಬ್‌ನ ಅರ್ಧ ಎತ್ತರ 30 ಮಿಲಿಮೀಟರ್, ಟ್ಯೂಬ್‌ನಿಂದ ದೂರ 200. ಆ ಕೋನ ಸುಮಾರು 8.5 ಡಿಗ್ರಿ. ಓರೆ ಇದಕ್ಕಿಂತ ಜಾಸ್ತಿ ಇರಬೇಕು. ನಾವು 15 ಡಿಗ್ರಿ ಇಟ್ಟೆವು. ಆಗ ಪ್ರತಿ ಮುಖಕ್ಕೂ ಸುತ್ತಿನಲ್ಲಿ ಎಲ್ಲಾದರೂ ಸವರುವ ಕಿರಣ ಸಿಕ್ಕೇ ಸಿಗುತ್ತದೆ. ತೀರಾ ಓರೆ ಮಾಡಿದರೆ ಕಿರಣ ದಾಟಬೇಕಾದ ಲೋಹದ ದಪ್ಪ ಹೆಚ್ಚಾಗಬಹುದು, ಒಂದು ಸುತ್ತು ತಿರುಗಿಸಿ ನೋಡಿಕೊಳ್ಳಿ.

ನಿಲ್ಲಿಸುವುದಕ್ಕೆ ಥರ್ಮೊಕೋಲ್. ಎಕ್ಸ್‌ರೇಗೆ ಅದು ಇಲ್ಲದ ಹಾಗೆಯೇ. ಆದರೆ ಭಾರ ಬಿದ್ದಾಗ ಮೆಲ್ಲಗೆ ಕುಸಿಯುತ್ತದೆ. ಶುಕ್ರವಾರ ನಮ್ಮ ಮೊದಲ ವೇಗದ ಸ್ಕ್ಯಾನ್ ಕೆಟ್ಟದ್ದು ಇದರಿಂದಲೇ. ಪ್ರತಿ ಅಂಚೂ ಎರಡೆರಡು ಕಂಡಿತು. ಸೆಟ್ಟಿಂಗ್ ತಪ್ಪು ಅಂತ ಒಂದು ಗಂಟೆ ಹುಡುಕಿದೆವು. ತಪ್ಪು ನನ್ನದು, ಹೊಸದಾಗಿ ಕೊರೆದ ಥರ್ಮೊಕೋಲ್‌ಗೆ ಆಗಷ್ಟೇ ಜಾಬ್ ತುರುಕಿ ಬಾಗಿಲು ಮುಚ್ಚಿದ್ದೆ. ಈಗ ಎರಡು ಅಚ್ಚು ಇಟ್ಟುಕೊಂಡಿದ್ದೇವೆ. ಒಂದು ಒಳಗೆ ಸ್ಕ್ಯಾನ್ ಆಗುವಾಗ ಇನ್ನೊಂದರಲ್ಲಿ ಮುಂದಿನ ಜಾಬ್ ಹೊರಗೆ ಕೂತು ಕುಸಿಯುವಷ್ಟು ಕುಸಿದಿರುತ್ತದೆ. ಬದಲಾಯಿಸುವುದಕ್ಕೆ ಎರಡೇ ನಿಮಿಷ. ಚಿಕ್ಕ ಜಾಬ್ ಆದರೆ ನಾಲ್ಕೈದನ್ನು ಒಟ್ಟಿಗೆ ಹಾಕಿ, ಆದರೆ ಒಂದರ ಮೇಲೊಂದು, ನಡುವೆ ಸ್ವಲ್ಪ ಜಾಗ ಬಿಟ್ಟು. ಪಕ್ಕ ಪಕ್ಕ ಇಟ್ಟರೆ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ.

ಬಾಗಿಲು ತೆರೆದರೆ ಎಕ್ಸ್‌ರೇ ನಿಲ್ಲಿಸುವ ಇಂಟರ್‌ಲಾಕ್ ಅನ್ನು ಸಮಯ ಉಳಿಸಲು ತಪ್ಪಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಅಲ್ಲಿಗೇ ಮಾತು ನಿಲ್ಲಿಸಿ. ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಲೈಸೆನ್ಸ್ ಹೋಗುವುದು ಆಮೇಲಿನ ಮಾತು, ಮೊದಲು ನಮ್ಮ ಮೈ.

ಸಾಫ್ಟ್‌ವೇರ್ ಕಡೆಯಿಂದ

ವಾಲ್ಯೂಮ್ ಕಟ್ಟುವ ಕೆಲಸಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಾಕು. ನಮ್ಮಲ್ಲಿ ತಡವಾಗುತ್ತಿದ್ದದ್ದು ಫೈಲ್‌ಗಳನ್ನು ನೆಟ್‌ವರ್ಕ್ ಡ್ರೈವ್‌ಗೆ ಬರೆಯುತ್ತಿದ್ದದ್ದರಿಂದ. ಮೆಷಿನ್ ಪಕ್ಕದ ಕಂಪ್ಯೂಟರ್‌ನ ಡಿಸ್ಕ್‌ಗೇ ಬರೆಸಿ, ರಾತ್ರಿ ನಕಲು ಮಾಡಿಕೊಳ್ಳಿ. ಸುತ್ತಲಿನ ಗಾಳಿಯನ್ನೂ ಕಟ್ಟಿಸಬೇಡಿ, ಜಾಬ್ ಇರುವಷ್ಟು ಪೆಟ್ಟಿಗೆ ಸಾಕು. ಒಂದು ಜಾಬ್ ಸ್ಕ್ಯಾನ್ ಆಗುವಾಗ ಹಿಂದಿನದು ಕಟ್ಟುತ್ತಿರಲಿ.

ಗಡಿ ಹುಡುಕುವಾಗ ಇಡೀ ಜಾಬ್‌ಗೆ ಒಂದೇ ಗ್ರೇ ಮಟ್ಟ ಇಡಬೇಡಿ. ಪ್ರತಿ ಜಾಗದಲ್ಲೂ ಬೆಳ್ಳಗೆಯಿಂದ ಕಪ್ಪಿಗೆ ಎಲ್ಲಿ ಅತಿ ಜೋರಾಗಿ ಇಳಿಯುತ್ತದೆ ಅಂತ ನೋಡುವ ಲೋಕಲ್ ವಿಧಾನ ಆರಿಸಿ. ವೇಗದ ಸ್ಕ್ಯಾನ್‌ಗೆ ಇದು ಬೇಕೇ ಬೇಕು.

ಇನ್ನೂ ವೇಗ ಬೇಕು, ಪ್ರೊಜೆಕ್ಷನ್ ಕೆಲವೇ ನೂರಕ್ಕೆ ಇಳಿಸಬೇಕು ಅನ್ನುವವರಿಗೆ ಸುತ್ತಿ ಸುತ್ತಿ ತಿದ್ದುತ್ತಾ ಹೋಗುವ ಲೆಕ್ಕಗಳಿವೆ. ಆಂಟ್ವರ್ಪ್ ವಿಶ್ವವಿದ್ಯಾಲಯ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಎಂಬ ಗಣಿತ ಸಂಶೋಧನಾ ಸಂಸ್ಥೆಯ ಕಡೆಯಿಂದ ಬಂದ ಆಸ್ಟ್ರಾ ಟೂಲ್‌ಬಾಕ್ಸ್, ಬಾತ್ ವಿಶ್ವವಿದ್ಯಾಲಯ ಮತ್ತು ಸರ್ನ್‌ನವರ ಟೈಗರ್ (TIGRE), ಎರಡೂ ಉಚಿತ. ಪೈಥಾನ್ ಬರುತ್ತಿದ್ದರೆ ಆಡಿ ನೋಡಿ. ಚೂರು ಎಚ್ಚರ: ಚಿತ್ರ ನುಣ್ಣಗೆ ಮಾಡುವ ನಿಯಮ ಜೋರಾಗಿ ಹಾಕಿದರೆ ಮೂಲೆಗಳು ದುಂಡಗಾಗುತ್ತವೆ.

ನನಗೆ ಬಿದ್ದ ಪೆಟ್ಟು ಬೇರೆ ಥರದ್ದು. ಕಾಳು ತೆಗೆಯುವ ಕೃತಕ ಬುದ್ಧಿಮತ್ತೆಯ ಫಿಲ್ಟರ್ ಒಂದನ್ನು ಬೇರೊಂದು ಜಾಬ್‌ಗೆ ಬಳಸಿದೆವು. ಚಿತ್ರ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಚಂದ. ಎರಡು ರಂಧ್ರ ಒಳಗೆ ಸೇರುವ ಕಡೆ ಒಂದು ಬರ್, ಅಂದರೆ ಕೊರೆದಾಗ ಉಳಿದ ಲೋಹದ ಚೂಪು ಸಿಬಿರು, ಇತ್ತು. ಅದನ್ನೂ ಕಾಳು ಅಂದುಕೊಂಡು ಒರೆಸಿಹಾಕಿತ್ತು. ಗಿರಾಕಿಯ ಅಸೆಂಬ್ಲಿ ಲೈನ್‌ನಲ್ಲಿ ಅದು ಸಿಕ್ಕಿತು. ಫೋನ್‌ನಲ್ಲಿ ಅವರು ಹೇಳಿದ್ದನ್ನು ಇಲ್ಲಿ ಬರೆಯಲಾಗದು. ಅಂಥ ಫಿಲ್ಟರ್ ಕಲಿತದ್ದು ಯಾವ ಜಾಬ್‌ಗಳ ಮೇಲೆ ಅಂತ ಗೊತ್ತಿಲ್ಲದೆ ಅಳತೆಗೆ ಹಚ್ಚಬೇಡಿ.

ವೇಗದ ಸ್ಕ್ಯಾನ್ ಸರಿ ಅಂತ ಹೇಗೆ ನಂಬುವುದು

ಗುರುವಾರ ರಾತ್ರಿಯೇ ಒಂದು ಕವರ್ ಅನ್ನು ಹಳೆಯ ನಿಧಾನದ ಸೆಟ್ಟಿಂಗ್‌ನಲ್ಲಿ ಹಾಕಿ ಮನೆಗೆ ಹೋಗಿದ್ದೆ. ಅದೇ ಕವರ್‌ನ ಹೊರಗಿನ ಅಳತೆ, ರಂಧ್ರಗಳನ್ನು ಬೆಳಿಗ್ಗೆ ಸಿಎಂಎಂ ಮೇಲೆ ಹಿಡಿದೆವು. ಆಮೇಲೆ ಅದನ್ನೇ 8 ನಿಮಿಷದ ಸೆಟ್ಟಿಂಗ್‌ನಲ್ಲಿ 20 ಸಲ ಸ್ಕ್ಯಾನ್ ಮಾಡಿದೆವು, ಪ್ರತಿ ಸಲವೂ ತೆಗೆದು ಮತ್ತೆ ಇಟ್ಟು. 20 ಸಲ ಅನ್ನುವುದು ನನ್ನ ಶೋಕಿ ಅಲ್ಲ. ಅಳೆದಿಟ್ಟ ಜಾಬ್ ಮೇಲೆ ಮತ್ತೆ ಮತ್ತೆ ಅಳೆದು ಅನಿಶ್ಚಿತತೆ ಕಂಡುಹಿಡಿಯುವ ಐಎಸ್‌ಒ 15530-3 ಎಂಬ ಅಂತರರಾಷ್ಟ್ರೀಯ ಮಾನದಂಡದ ದಾರಿ ಅದು. ಸಿಟಿಗೆ ಜರ್ಮನಿಯ ವಿಡಿಐ 2630 ಮಾರ್ಗಸೂಚಿ ಮಾಲಿಕೆಯೂ ಇದೇ ದಾರಿ ಹಿಡಿಯುತ್ತದೆ. ಹಳೆಯ ಸೆಟ್ಟಿಂಗ್‌ನಲ್ಲಿ 20 ಸಲ ಅಂದರೆ ಎರಡು ದಿನ, ಹಾಗಾಗಿ ಯಾರೂ ಮಾಡುತ್ತಿರಲಿಲ್ಲ. ಈಗ ಮಧ್ಯಾಹ್ನದೊಳಗೆ ಮುಗಿಯುತ್ತದೆ.

ನಮಗೆ ಕಂಡದ್ದು: ರಂಧ್ರದಿಂದ ರಂಧ್ರಕ್ಕೆ ಇರುವ ದೂರಗಳು ಸಿಎಂಎಂಗೆ 3 ಮೈಕ್ರಾನ್ ಒಳಗೆ ಕೂತವು. ವ್ಯಾಸಗಳು ಎಲ್ಲವೂ ಒಂದೇ ದಿಕ್ಕಿಗೆ 6ರಿಂದ 7 ಮೈಕ್ರಾನ್ ಚಿಕ್ಕದು. ಒಂದೇ ದಿಕ್ಕಿಗೆ ಅಂದರೆ ತಿದ್ದಬಹುದು, ತಿದ್ದಿದೆವು. ತಮಾಷೆ ಅಂದರೆ ದೂರಗಳ ವಿಷಯದಲ್ಲಿ ನಿಧಾನದ ಸ್ಕ್ಯಾನ್ ಸ್ವಲ್ಪ ಹಿಂದೆ ಬಿದ್ದಿತ್ತು. ಎರಡು ಗಂಟೆಯಲ್ಲಿ ಟ್ಯೂಬ್ ಬಿಸಿಯಾಗಿ ಚುಕ್ಕೆ ಅತ್ತಿತ್ತ ಸರಿಯುತ್ತದೆ. ಎಂಟು ನಿಮಿಷದಲ್ಲಿ ಅದಕ್ಕೆ ಸರಿಯಲು ಪುರಸೊತ್ತಿಲ್ಲ. ಆದರೂ ಬೆಳಿಗ್ಗೆ ಟ್ಯೂಬ್ ಬಿಸಿ ಮಾಡದೆ ಮೊದಲ ಜಾಬ್ ಹಾಕಬೇಡಿ. ಬಿಸಿಲಲ್ಲಿ ಟೆಂಪೋದಲ್ಲಿ ಬಂದ ಜಾಬ್ ಕೂಡ ತಣಿಯಬೇಕು. 60 ಮಿಲಿಮೀಟರ್ ಅಲ್ಯೂಮಿನಿಯಂ 5 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಸುಮಾರು 7 ಮೈಕ್ರಾನ್ ಉದ್ದವಾಗಿರುತ್ತದೆ.

ಉದ್ದಳತೆಯ ಮಾಪಕ ಸರಿ ಇದೆಯಾ ಅಂತ ದಿನಕ್ಕೊಮ್ಮೆ ಎರಡು ರೂಬಿ ಗುಂಡು ಕೂರಿಸಿದ ಕಡ್ಡಿಯನ್ನು ಸ್ಕ್ಯಾನ್ ಮಾಡಿ. ಗುಂಡುಗಳ ನಡುಬಿಂದುಗಳ ದೂರ ಸರ್ಟಿಫಿಕೇಟ್‌ನಲ್ಲಿ ಇರುತ್ತದೆ. ಅದು ಗಡಿ ಎಲ್ಲಿ ಬಿತ್ತು ಅನ್ನುವುದನ್ನು ಲೆಕ್ಕಿಸುವುದಿಲ್ಲ, ಹಸಿರು ಗುರುತಿನ ಜಾತಿ.

ಎಣ್ಣೆ ದಾರಿಗೆ ಸಿಎಂಎಂ ಸಾಕ್ಷಿ ಸಿಗುವುದಿಲ್ಲ. ಗಿರಾಕಿಯನ್ನು ಕೇಳಿ ಒಂದು ಕವರ್ ಅನ್ನು ಸ್ಕ್ಯಾನ್ ಆದಮೇಲೆ ಕತ್ತರಿಸಿ, ಒಳಗನ್ನು ಅಳೆದು ಹೋಲಿಸಿದೆವು. ಶನಿವಾರ ಬೆಳಿಗ್ಗೆ ಏಳಕ್ಕೆ ಶುರು ಮಾಡಿದ 40 ಕವರ್ ಮಧ್ಯಾಹ್ನ ಎರಡು ಗಂಟೆಗೆ ಮೊದಲೇ ಮುಗಿದವು. ಊಟ ಮಾಡಿ ರಿಪೋರ್ಟ್ ಕಳಿಸಿದೆವು.

ಈ ವೇಗ ಎಲ್ಲಿ ಬೇಡ

ಮೇಲ್ಮೈಯ ಒರಟುತನ ಅಳೆಯುವ ಕೆಲಸಕ್ಕೆ ಇದನ್ನು ತರಬೇಡಿ. ಕಳೆದ ತಿಂಗಳು ಲೋಹದ ಪುಡಿ ಕರಗಿಸಿ 3ಡಿ ಪ್ರಿಂಟ್ ಮಾಡಿದ ಟೈಟಾನಿಯಂ ಜಾಬ್ ಬಂದಿತ್ತು. ಒಳಗಿನ ಕಾಲುವೆ ಎಷ್ಟು ಒರಟು ಅಂತ ಹೇಳಬೇಕಿತ್ತು. ಅಂಥ ಪುಡಿಯ ಕಣಗಳು ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್. ಅರೆಕರಗಿ ಗೋಡೆಗೆ ಅಂಟಿಕೊಂಡಿರುತ್ತವೆ. 80 ಮೈಕ್ರಾನ್ ವಾಕ್ಸೆಲ್ ಅವನ್ನು ನೋಡುವುದೇ ಇಲ್ಲ, ಗೋಡೆ ನುಣ್ಣಗಿದೆ ಅಂತ ಸುಳ್ಳು ಹೇಳುತ್ತದೆ. ಅಲ್ಲಿ ವಾಕ್ಸೆಲ್ ಕಣಕ್ಕಿಂತ ಹಲವು ಪಟ್ಟು ಚಿಕ್ಕದಿರಬೇಕು, ಚುಕ್ಕೆಯೂ ಚಿಕ್ಕದು, ವ್ಯಾಟ್ ಕಡಿಮೆ, ಸಮಯ ಜಾಸ್ತಿ. ಬೇರೆ ದಾರಿ ಇಲ್ಲ. ನಾವು ಮಾಡಿದ ಒಂದೇ ಉಳಿತಾಯ ಅಂದರೆ ಇಡೀ ಜಾಬ್ ಬಿಟ್ಟು, ಕಾಲುವೆಯ 8 ಮಿಲಿಮೀಟರ್ ತುಂಡಿಗೆ ಮಾತ್ರ ಹತ್ತಿರದಿಂದ ಸ್ಕ್ಯಾನ್ ಹಾಕಿದ್ದು.

ಅದನ್ನು ರಾತ್ರಿ ಓಡಲಿ ಅಂತ ಬಿಟ್ಟು ಹೋದೆ. ಬೆಳಿಗ್ಗೆ ಬಂದು ನೋಡಿದರೆ ಶೇಕಡಾ 61ರಲ್ಲಿ ನಿಂತಿತ್ತು. ಕರೆಂಟ್ ಹೋಗಿ ಜನರೇಟರ್ ಏಳುವ ನಡುವಿನ ಕೆಲವು ಸೆಕೆಂಡ್ ಯುಪಿಎಸ್ ತಡೆದುಕೊಂಡಿರಲಿಲ್ಲ. ರಾತ್ರಿ ಸ್ಕ್ಯಾನ್ ಹಾಕುವ ಮೊದಲು ಬ್ಯಾಟರಿಗಳಿಗೆ ಎಷ್ಟು ವರ್ಷ ಆಯಿತು ಅಂತ ಒಮ್ಮೆ ನೋಡಿಕೊಳ್ಳಿ.